ಡಾಕ್ಟರ್ ಎಲ್ಲಿಂದ ಬಂದ, ಯಾಕೆ ಬಂದ? ನಮ್ಮ ಮೈಸೂರಿನ ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆಗಳು

ಮೈಸೂರಿನಲ್ಲಿ ‘ಡಾಕ್ಟರ್ ಹೂ’ ಎಂಬ ಬಿಬಿಸಿ ಟಿವಿ ಸೀರೀಸ್ ನೋಡುವ ಗೆಳೆಯರು ನಾವು ಕೆಲವರಿದ್ದೇವೆ. ಶನಿವಾರ ರಾತ್ರಿ ಸರಸ್ವತಿಪುರಂನಲ್ಲಿ ಯಾರದಾದರೂ ಮನೆಯಲ್ಲಿ ಸೇರಿ ಒಂದು ಕಥೆ ನೋಡುತ್ತೇವೆ. ಭಾನುವಾರ ಬೆಳಿಗ್ಗೆ ಕುಕ್ಕರಹಳ್ಳಿ ಕೆರೆ ಸುತ್ತುತ್ತಾ ಅದನ್ನೇ ಮಾತಾಡುತ್ತೇವೆ. ಮಂಡ್ಯ, ಶ್ರೀರಂಗಪಟ್ಟಣದಿಂದಲೂ ಬರುವವರಿದ್ದಾರೆ. ಹೊಸಬರು ಬಂದಾಗಲೆಲ್ಲ ಮಾತು ಡಾಕ್ಟರ್‌ನ ಹಳೆಯ ಕಥೆಗೇ ಬಂದು ನಿಲ್ಲುತ್ತದೆ. ಅಪ್ಪ ಅಮ್ಮ ಯಾರು, ವಯಸ್ಸೆಷ್ಟು, ನಿಜವಾದ ಹೆಸರೇನು? ಪ್ರತಿ ಸಲ ಮೊದಲಿನಿಂದ ಹೇಳುವ ಬದಲು ಒಂದು ಕಡೆ ಬರೆದಿಡೋಣ ಅನ್ನಿಸಿತು.

2025ರವರೆಗಿನ ಗುಟ್ಟುಗಳೆಲ್ಲ ಇಲ್ಲಿವೆ. ಇನ್ನೂ ನೋಡದವರು ನೋಡಿ ಬಂದು ಓದಿದರೆ ಒಳ್ಳೆಯದು.

ಸುಮ್ನೆ ಎರಡು ಸಾಲಿನಲ್ಲಿ ಹೇಳಿ, ಈ ಡಾಕ್ಟರ್ ಯಾರು?

ಗ್ಯಾಲಿಫ್ರೇ ಎಂಬ ಗ್ರಹದ ಜೀವಿ. ಅಲ್ಲಿನ ಟೈಮ್ ಲಾರ್ಡ್ ಎಂಬ ವರ್ಗಕ್ಕೆ ಸೇರಿದವನು. ಎರಡು ಹೃದಯ. ಸಾಯುವ ಹೊತ್ತಿಗೆ ಮೈ ಪೂರ್ತಿ ಬದಲಾಗಿ ಹೊಸ ಮುಖ, ಹೊಸ ಸ್ವಭಾವ ಬರುತ್ತದೆ. ಕದ್ದು ತಂದ ಟಾರ್ಡಿಸ್ ಎಂಬ ಯಂತ್ರದಲ್ಲಿ ಕಾಲ, ಆಕಾಶ ಎರಡನ್ನೂ ಸುತ್ತುತ್ತಾನೆ. ಹೊರಗಿನಿಂದ ಅದು ಲಂಡನ್ನಿನ ಹಳೆಯ ನೀಲಿ ಪೊಲೀಸ್ ಪೆಟ್ಟಿಗೆಯ ಹಾಗೆ ಕಾಣುತ್ತದೆ.

ಇದೆಲ್ಲ ಮೊದಲೇ ಬರೆದಿಟ್ಟಿದ್ದರಾ?

ಇಲ್ಲ. ಉಳಿದ ಪ್ರಶ್ನೆಗಳಿಗೆಲ್ಲ ಬುಡ ಇದು. ಅದಕ್ಕೇ ಸ್ವಲ್ಪ ವಿವರವಾಗಿ ಹೇಳುತ್ತೇನೆ.

1963ರ ನವೆಂಬರ್ 23ರಂದು ಬಿಬಿಸಿಯಲ್ಲಿ ಮೊದಲ ಕಂತು ಬಂದಾಗ ಗ್ಯಾಲಿಫ್ರೇ ಇರಲಿಲ್ಲ, ಟೈಮ್ ಲಾರ್ಡ್‌ಗಳೂ ಇರಲಿಲ್ಲ. ಗುಜರಿ ಅಂಗಳದಲ್ಲಿ ನಿಂತಿದ್ದ ಒಂದು ಪೆಟ್ಟಿಗೆ, ಅದರೊಳಗೆ ಒಬ್ಬ ಸಿಡುಕು ಮುದುಕ, ಅವನ ಮೊಮ್ಮಗಳು ಸೂಸನ್, ಅಷ್ಟೇ. ತಮ್ಮ ಲೋಕದಿಂದ ದೂರವಾದವರು ಎಂದು ಮಾತ್ರ ಗೊತ್ತಾಗುತ್ತದೆ. ಪ್ರಸಾರವಾಗದ ಮೊದಲ ಚಿತ್ರೀಕರಣದಲ್ಲಿ ಸೂಸನ್ ತಾನು 49ನೇ ಶತಮಾನದಲ್ಲಿ ಹುಟ್ಟಿದವಳು ಅನ್ನುತ್ತಾಳೆ. ಪ್ರಸಾರದ ಹೊತ್ತಿಗೆ ಅದನ್ನು ತೆಗೆದು, ಬೇರೆ ಕಾಲ, ಬೇರೆ ಲೋಕ ಎಂದು ಮಾಡಿದರು. ಅಂದರೆ ಇವರು ಮುಂದಿನ ಕಾಲದ ಮನುಷ್ಯರೋ ಬೇರೆ ಗ್ರಹದವರೋ ಎನ್ನುವುದು ಬರೆಯುವವರಿಗೇ ಇನ್ನೂ ಗಟ್ಟಿಯಾಗಿರಲಿಲ್ಲ.

ಮೈ ಬದಲಿಸುವುದು ಬಂದದ್ದು 1966ರಲ್ಲಿ. ಮೊದಲ ಡಾಕ್ಟರ್ ಆಗಿದ್ದ ನಟ ವಿಲಿಯಂ ಹಾರ್ಟ್‌ನೆಲ್ ಅವರ ಆರೋಗ್ಯ ಕೆಡುತ್ತಾ ಬಂತು, ಸೀರೀಸ್ ನಿಲ್ಲಿಸಲು ಮನಸ್ಸಿರಲಿಲ್ಲ. ‘ದಿ ಟೆಂತ್ ಪ್ಲಾನೆಟ್’ ಕೊನೆಯಲ್ಲಿ ಮುದುಕ ನೆಲಕ್ಕೆ ಬಿದ್ದ, ಎದ್ದಾಗ ಪ್ಯಾಟ್ರಿಕ್ ಟ್ರೌಟನ್ ಇದ್ದರು. ಟೈಮ್ ಲಾರ್ಡ್ ಎಂಬ ಹೆಸರು ಕೇಳಿದ್ದು 1969ರ ‘ದಿ ವಾರ್ ಗೇಮ್ಸ್’ನಲ್ಲಿ. ಎರಡು ಹೃದಯ 1970ರ ‘ಸ್ಪಿಯರ್‌ಹೆಡ್ ಫ್ರಂ ಸ್ಪೇಸ್’ನಲ್ಲಿ. ಗ್ಯಾಲಿಫ್ರೇ ಎಂಬ ಹೆಸರು 1973ರ ಡಿಸೆಂಬರ್‌ನಲ್ಲಿ, ‘ದಿ ಟೈಮ್ ವಾರಿಯರ್’ ಕಥೆಯಲ್ಲಿ. ಶುರುವಾಗಿ 10 ವರ್ಷ ಆದ ಮೇಲೆ! ಒಬ್ಬ ಟೈಮ್ ಲಾರ್ಡ್ 12 ಸಲ ಮಾತ್ರ ಮೈ ಬದಲಿಸಬಹುದು ಎಂಬ ಕಟ್ಟಳೆ 1976ರ ‘ದಿ ಡೆಡ್ಲಿ ಅಸಾಸಿನ್’ನಲ್ಲಿ ಬಂತು. ಆಗ ಅಭಿಮಾನಿಗಳಲ್ಲಿ ಹಲವರು ಆ ಕಥೆಯ ಮೇಲೆ ಕೆಂಡ ಕಾರಿದರು. ಇವತ್ತು ಅದನ್ನೇ ಒಳ್ಳೆಯ ಕಥೆಗಳ ಪಟ್ಟಿಯಲ್ಲಿ ಇಡುತ್ತಾರೆ.

ಹೀಗೆ ಬೇಕಾದಾಗ ಬೇಕಾದಷ್ಟು ಸೇರಿಸುತ್ತಾ ಬಂದ ಕಥೆ ಇದು. ಒಳಗೆ ಒಂದು ಮಹಾ ಪ್ಲಾನ್ ಅಡಗಿದೆ, ಎಲ್ಲ ಸುಳಿವು ಜೋಡಿಸಿದರೆ ಸಿಗುತ್ತದೆ ಎಂದು ಹೊರಟ ಊಹೆಗಳು ಎಲ್ಲೋ ಒಂದು ಕಡೆ ಮುರಿದು ಬೀಳುತ್ತವೆ.

ಹಾಗಾದರೆ ಹಳೆಯ ಸುಳಿವುಗಳಿಗೆ ಬೆಲೆಯೇ ಇಲ್ವಾ?

ಇದೆ, ತುಂಬಾ ಇದೆ. ಮುಂದೆ ಬರೆಯುವವರು ಅವನ್ನು ಮರೆಯುವುದಿಲ್ಲ. 1964ರ ‘ದಿ ಸೆನ್ಸೊರೈಟ್ಸ್’ನಲ್ಲಿ ಸೂಸನ್ ತನ್ನ ಊರನ್ನು ನೆನೆಯುತ್ತಾಳೆ. ರಾತ್ರಿಯ ಆಕಾಶ ಸುಟ್ಟ ಕಿತ್ತಳೆ ಬಣ್ಣ, ಮರದ ಎಲೆಗಳು ಬೆಳ್ಳಿಯ ಹಾಗೆ ಎನ್ನುತ್ತಾಳೆ. ಆಗ ಆ ಗ್ರಹಕ್ಕೆ ಹೆಸರೂ ಇರಲಿಲ್ಲ. 2007ರ ‘ಗ್ರಿಡ್‌ಲಾಕ್’ನಲ್ಲಿ ಡೇವಿಡ್ ಟೆನಂಟ್‌ನ ಡಾಕ್ಟರ್ ಜೊತೆಗಾತಿ ಮಾರ್ಥಾಗೆ ತನ್ನ ಕಳೆದುಹೋದ ಊರನ್ನು ವರ್ಣಿಸುವಾಗ ಅದೇ ಆಕಾಶ, ಅದೇ ಬೆಳ್ಳಿ ಎಲೆಗಳು ಬರುತ್ತವೆ. ಎರಡನ್ನೂ ಒಂದರ ಹಿಂದೆ ಒಂದು ನೋಡಿ. ಮೊದಲನೆಯದರಲ್ಲಿ ಊರಿಗೆ ಹೋಗಬೇಕೆಂಬ ಆಸೆ, ಎರಡನೆಯದರಲ್ಲಿ ಊರೇ ಇಲ್ಲವಾದ ನೋವು. 43 ವರ್ಷದ ಅಂತರ ಇದ್ದರೂ ಒಬ್ಬರೇ ಬರೆದ ಹಾಗಿದೆ.

ವಯಸ್ಸೆಷ್ಟು?

ಲೆಕ್ಕ ಹಿಡಿಯಲು ಹೋಗಬೇಡಿ. 1967ರಲ್ಲಿ ಸುಮಾರು 450 ಎನ್ನುತ್ತಾನೆ. 1987ರಲ್ಲಿ 953. 2005ರಲ್ಲಿ 900! 2013ರ ‘ದಿ ಡೇ ಆಫ್ ದಿ ಡಾಕ್ಟರ್’ನಲ್ಲಿ 1200ರ ಮೇಲೆ ಎಂದು ಹೇಳಿ, ವಯಸ್ಸಿನ ವಿಷಯದಲ್ಲಿ ಸುಳ್ಳು ಹೇಳುತ್ತಿದ್ದೀನೋ ಇಲ್ಲವೋ ಅದೂ ನೆನಪಿಲ್ಲ ಅನ್ನುತ್ತಾನೆ. ನನಗೆ ಈ ಉತ್ತರವೇ ಸಾಕು.

ನಿಜವಾದ ಹೆಸರು?

ತೆರೆಯ ಮೇಲೆ ಯಾರೂ ಹೇಳಿಲ್ಲ. 2008ರಲ್ಲಿ, ಮುಂದೆ ಅವನ ಹೆಂಡತಿಯಾಗುವ ರಿವರ್ ಸಾಂಗ್ ಅವನ ಕಿವಿಯಲ್ಲಿ ಹೇಳುತ್ತಾಳೆ, ನಮಗೆ ಕೇಳಿಸುವುದಿಲ್ಲ. 2013ರ ‘ದಿ ನೇಮ್ ಆಫ್ ದಿ ಡಾಕ್ಟರ್’ ಎಂಬ ಕಂತಿನಲ್ಲೂ ಹೆಸರು ಬರುವುದಿಲ್ಲ. ‘ಡಾಕ್ಟರ್’ ಅನ್ನುವುದು ಅವನೇ ಆರಿಸಿಕೊಂಡ ಹೆಸರು, ಅದೊಂದು ಮಾತು ಕೊಟ್ಟ ಹಾಗೆ ಎಂದು ಆ ಕಂತು ಹೇಳುತ್ತದೆ. ಅಪ್ಪ ಅಮ್ಮ ಇಟ್ಟ ಹೆಸರಿಗಿಂತ ಇದೇ ದೊಡ್ಡದು.

ಮಾಸ್ಟರ್ ಅವನ ಅಣ್ಣನೋ ತಮ್ಮನೋ ಅಂತಾರಲ್ಲ?

ಹಳೇ ಊಹೆ. ಡಾಕ್ಟರ್‌ನ ವೈರಿಯಾದ ಇನ್ನೊಬ್ಬ ಟೈಮ್ ಲಾರ್ಡ್ ಈ ಮಾಸ್ಟರ್. ಬಂದದ್ದು 1971ರಲ್ಲಿ, ರೋಜರ್ ಡೆಲ್ಗಾಡೊ ನಟನೆಯಲ್ಲಿ. ಅವರು 1973ರಲ್ಲಿ ಟರ್ಕಿಯಲ್ಲಿ ಕಾರು ಅಪಘಾತದಲ್ಲಿ ತೀರಿಹೋದರು. ಇಬ್ಬರ ಸಂಬಂಧ ಬಿಚ್ಚಿಡುವ ಒಂದು ಕಥೆಯ ಯೋಚನೆ ಇತ್ತು, ಅದು ಅಲ್ಲಿಗೇ ನಿಂತಿತು. 1984ರ ‘ಪ್ಲಾನೆಟ್ ಆಫ್ ಫೈರ್’ನಲ್ಲಿ ಬೆಂಕಿಯಲ್ಲಿ ಸುಡುತ್ತಾ ಮಾಸ್ಟರ್ ‘ನಿನ್ನ ಸ್ವಂತ...’ ಅನ್ನುವಷ್ಟರಲ್ಲಿ ಮಾತು ಕಡಿದು ಹೋಗುತ್ತದೆ. ಆ ಅರ್ಧ ಮಾತನ್ನು ‘ಸ್ವಂತ ಅಣ್ಣ’ ಎಂದು ತುಂಬಿಸಿದವರು ಸಾವಿರಾರು ಜನ. 2007ರಲ್ಲಿ ಮಾರ್ಥಾ ನೇರವಾಗಿ ಕೇಳಿಯೇ ಬಿಡುತ್ತಾಳೆ, ನೀನು ಟಿವಿ ಜಾಸ್ತಿ ನೋಡ್ತೀಯ ಎಂದು ಡಾಕ್ಟರ್ ತಳ್ಳಿ ಹಾಕುತ್ತಾನೆ.

ಅಣ್ಣ ತಮ್ಮ ಅಲ್ಲದಿರುವುದೇ ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ. ಬಾಲ್ಯದ ಗೆಳೆಯರು, ಒಂದೇ ಕಡೆ ಕಲಿತವರು, ಒಬ್ಬ ಒಂದು ದಾರಿ ಹಿಡಿದ, ಇನ್ನೊಬ್ಬ ಇನ್ನೊಂದು. ರಕ್ತ ಸಂಬಂಧವಾದರೆ ಒಬ್ಬರನ್ನೊಬ್ಬರು ಬಿಡಲಾಗದ್ದಕ್ಕೆ ಸುಲಭದ ಕಾರಣ ಸಿಕ್ಕಿಬಿಡುತ್ತದೆ. ಗೆಳೆತನವಾದರೆ ಹಾಗಲ್ಲ, ಪ್ರತಿ ಸಲವೂ ಹೊಸದಾಗಿ ಕ್ಷಮಿಸಬೇಕು.

ಅರ್ಧ ಮನುಷ್ಯ ಅನ್ನೋದು ನಿಜಾನಾ?

1996ರಲ್ಲಿ ಪಾಲ್ ಮೆಗಾನ್ ನಟಿಸಿದ ಟಿವಿ ಚಿತ್ರದಲ್ಲಿ ಆ ಮಾತು ಇದೆ. ತಾಯಿ ಕಡೆಯಿಂದ ಅರ್ಧ ಮನುಷ್ಯ ಎಂದು ಡಾಕ್ಟರೇ ಗುಟ್ಟಾಗಿ ಹೇಳುತ್ತಾನೆ, ಅವನ ಕಣ್ಣಿನ ರಚನೆ ನೋಡಿ ಮಾಸ್ಟರ್ ಕೂಡ ಅದನ್ನೇ ಹೇಳುತ್ತಾನೆ. ಹಾಗಾಗಿ ಇಲ್ಲವೇ ಇಲ್ಲ ಎನ್ನುವಂತಿಲ್ಲ. ಆದರೆ ಆಮೇಲೆ ಬಂದ ಬರಹಗಾರರು ಆ ದಾರಿ ಹಿಡಿಯಲಿಲ್ಲ. ಒಳ್ಳೆಯದೇ ಆಯಿತು. ಮನುಷ್ಯರ ಮೇಲೆ ಅವನಿಗೆ ಪ್ರೀತಿ ಯಾಕೆ ಎಂದರೆ ಅಮ್ಮ ಮನುಷ್ಯಳು ಎಂದು ಹೇಳಿಬಿಟ್ಟರೆ ಆ ಪ್ರೀತಿಗೆ ಏನು ಉಳಿಯಿತು? ಯಾವ ನಂಟೂ ಇಲ್ಲದೆ ನಮ್ಮ ಜೊತೆ ನಿಲ್ಲುತ್ತಾನಲ್ಲ, ಅದಕ್ಕೇ ನಮಗೆ ಅವನು ಬೇಕು.

ಟೈಮ್‌ಲೆಸ್ ಚೈಲ್ಡ್ ಅಂದ್ರೇನು? ಯಾಕೆ ಅಷ್ಟು ಜಗಳ?

ನಮ್ಮಲ್ಲಿ ಕೆರೆ ಒಂದು ಸುತ್ತು ಮುಗಿದರೂ ಮುಗಿಯದ ಮಾತು ಇದು.

2020ರ ಜನವರಿಯಲ್ಲಿ ‘ಫ್ಯೂಜಿಟಿವ್ ಆಫ್ ದಿ ಜುಡೂನ್’ ಬಂತು. ಜೋಡಿ ವಿಟೇಕರ್‌ಳ ಡಾಕ್ಟರ್ ಇನ್ನೊಬ್ಬ ಡಾಕ್ಟರ್‌ಳನ್ನು ಭೇಟಿಯಾಗುತ್ತಾಳೆ, ಜೋ ಮಾರ್ಟಿನ್ ನಟಿಸಿದ್ದು. ಇಬ್ಬರಿಗೂ ಒಬ್ಬರ ನೆನಪು ಒಬ್ಬರಿಗಿಲ್ಲ. ಮಾರ್ಚ್ 1ರಂದು ಬಂದ ‘ದಿ ಟೈಮ್‌ಲೆಸ್ ಚಿಲ್ಡ್ರನ್’ ಕಾರಣ ಹೇಳಿತು. ಬಹಳ ಹಿಂದೆ ಟೆಕ್ಟೆಯುನ್ ಎಂಬ ಗ್ಯಾಲಿಫ್ರೇ ಹೆಂಗಸಿಗೆ ಬೇರೆ ಲೋಕದ ಬಾಗಿಲ ಬಳಿ ಒಂದು ಒಂಟಿ ಮಗು ಸಿಗುತ್ತದೆ. ಸಾಕಿಕೊಳ್ಳುತ್ತಾಳೆ. ಮಗು ಎತ್ತರದಿಂದ ಬಿದ್ದಾಗ ಸಾಯುವ ಬದಲು ಮೈ ಬದಲಿಸುತ್ತದೆ. ಅವಳು ಆ ಮಗುವಿನ ಮೇಲೇ ಪ್ರಯೋಗ ಮಾಡಿ ಆ ಶಕ್ತಿಯನ್ನು ತನ್ನ ಜನರಿಗೆ ಕೊಡುತ್ತಾಳೆ, 12 ಸಲದ ಮಿತಿ ಹಾಕುತ್ತಾಳೆ. ಟೈಮ್ ಲಾರ್ಡ್‌ಗಳು ಹುಟ್ಟಿದ್ದು ಹಾಗೆ. ಮಗುವಿನ ನೆನಪು ಅಳಿಸುತ್ತಾರೆ. ಆ ಮಗುವೇ ಡಾಕ್ಟರ್.

ಇದು ಪೂರ್ತಿ ಗಾಳಿಯಿಂದ ಬಂದದ್ದಲ್ಲ. 1976ರ ‘ದಿ ಬ್ರೈನ್ ಆಫ್ ಮಾರ್ಬಿಯಸ್’ನಲ್ಲಿ ಮನಸ್ಸಿನ ಕುಸ್ತಿ ನಡೆಯುವಾಗ ಡಾಕ್ಟರ್‌ನ ಹಳೆಯ ಮುಖಗಳು ತೆರೆಯ ಮೇಲೆ ಬರುತ್ತವೆ. ಹಿಂದಕ್ಕೆ ಹೋಗುತ್ತಾ ಹಾರ್ಟ್‌ನೆಲ್ ಮುಖ ಬಂದ ಮೇಲೂ ನಿಲ್ಲದೆ ಇನ್ನಷ್ಟು ಅಪರಿಚಿತ ಮುಖಗಳು. ವೇಷ ಹಾಕಿ ಫೋಟೊ ತೆಗೆಸಿಕೊಂಡವರು ಸೀರೀಸ್‌ನ ತಂಡದವರೇ, ನಿರ್ಮಾಪಕ ಫಿಲಿಪ್ ಹಿಂಚ್‌ಕ್ಲಿಫ್ ಕೂಡ ಅವರಲ್ಲೊಬ್ಬರು. ಹಾರ್ಟ್‌ನೆಲ್‌ಗೆ ಮೊದಲೂ ಡಾಕ್ಟರ್‌ಗಳಿದ್ದರು ಎನ್ನುವುದೇ ಅವರ ಉದ್ದೇಶವಾಗಿತ್ತು. 1988ರ ‘ರಿಮೆಂಬ್ರೆನ್ಸ್ ಆಫ್ ದಿ ಡಾಲೆಕ್ಸ್’ನಲ್ಲಿ ಗ್ಯಾಲಿಫ್ರೇಯ ಪುರಾತನ ಯಂತ್ರದ ಬಗ್ಗೆ ಹೇಳುವಾಗ ಡಾಕ್ಟರ್ ‘ನಾವು’ ಅಂದುಬಿಟ್ಟು, ಜೊತೆಗಾತಿ ಏಸ್ ಹಿಡಿದುಕೊಂಡ ಕೂಡಲೇ ‘ಅವರು’ ಎಂದು ತಿದ್ದಿಕೊಳ್ಳುತ್ತಾನೆ. ಆಗ ಆಂಡ್ರೂ ಕಾರ್ಟ್‌ಮೆಲ್ ಸ್ಕ್ರಿಪ್ಟ್ ಎಡಿಟರ್. ಡಾಕ್ಟರ್ ನಮಗೆ ಗೊತ್ತಿರುವುದಕ್ಕಿಂತ ಹಳಬ ಎಂಬ ಅನುಮಾನ ಬಿತ್ತುವುದು ಅವರ ಆಸೆ. 1989ರಲ್ಲಿ ಸೀರೀಸ್ ನಿಂತಿತು (ಮತ್ತೆ ಶುರುವಾದದ್ದು 2005ರಲ್ಲಿ), ಆ ಎಳೆ ಕಾದಂಬರಿಗಳಿಗೆ ಹೋಯಿತು, 1997ರ ‘ಲಂಗ್‌ಬ್ಯಾರೋ’ದಲ್ಲಿ ಒಂದು ಮುಕ್ತಾಯ ಕಂಡಿತು.

ಈಗ ನನ್ನ ಮಾತು. ಸಾಕಿದವಳೇ ಮಗುವಿಗೆ ಮೋಸ ಮಾಡಿದಳು, ಅದರ ಬಾಲ್ಯವನ್ನೇ ಅದರಿಂದ ಕದ್ದರು, ಈ ಭಾಗ ನನ್ನ ಎದೆಗೆ ತಾಗಿತು. ಆದರೆ ಟೈಮ್ ಲಾರ್ಡ್ ಕುಲಕ್ಕೆಲ್ಲ ಮೂಲವೇ ಡಾಕ್ಟರ್ ಎನ್ನುವುದು ನನಗೆ ಹಿಡಿಸುವುದಿಲ್ಲ. ಆ ಜನರಲ್ಲಿ ಒಬ್ಬ ಸಾಮಾನ್ಯ ವ್ಯಕ್ತಿ ಸುಮ್ಮನೆ ಕೂರಲಾರದೆ ಹೊರಗೆ ಬಂದ ಎಂಬುದೇ ಈ ಕಥೆಯ ಬಲ. ಅವನು ಹುಟ್ಟಿನಿಂದಲೇ ಬೇರೆ ಎಂದಾಗ ಆ ಬಲ ಕುಗ್ಗುತ್ತದೆ. ನಮ್ಮ ಗುಂಪಿನಲ್ಲಿ ಒಬ್ಬ ಅಕ್ಕ ಇದನ್ನು ಒಪ್ಪುವುದಿಲ್ಲ. ಎಲ್ಲ ನೆನಪು ಅಳಿಸಿ ಹಾಕಿದರೂ ಮತ್ತೆ ಅದೇ ಒಳ್ಳೆಯ ಮನಸ್ಸು ಎದ್ದು ಬಂತಲ್ಲ, ಅದೇ ದೊಡ್ಡದಲ್ವೇನೋ ಎನ್ನುತ್ತಾರೆ. ಆ ಮಾತಿಗೂ ತೂಕವಿದೆ.

ಆಮೇಲೆ ನಡೆದದ್ದು ಮಾತ್ರ ಇಬ್ಬರಿಗೂ ಇಷ್ಟ. 2021ರಲ್ಲಿ ಕಳೆದ ನೆನಪುಗಳೆಲ್ಲ ಇರುವ ಗಡಿಯಾರ ಡಾಕ್ಟರ್ ಕೈಗೆ ಸಿಗುತ್ತದೆ. ಅವಳು ತೆರೆಯುವುದಿಲ್ಲ, ಎಲ್ಲಾದರೂ ಆಳದಲ್ಲಿ ಇಟ್ಟುಬಿಡು ಎಂದು ಟಾರ್ಡಿಸ್‌ಗೆ ಒಪ್ಪಿಸುತ್ತಾಳೆ. 2023ರ ಕ್ರಿಸ್‌ಮಸ್ ಕಂತಿನಲ್ಲಿ ನ್ಚೂಟಿ ಗಾಟ್ವಾನ ಡಾಕ್ಟರ್ ತಾನೂ ಸಾಕು ಮಗು ಎಂದು ಹೊಸ ಜೊತೆಗಾತಿ ರೂಬಿಗೆ ಹೇಳುತ್ತಾನೆ. ಅವಳೂ ಚರ್ಚಿನ ಬಾಗಿಲಲ್ಲಿ ಸಿಕ್ಕ ಮಗು.

ಎಲ್ಲ ಒಂದಕ್ಕೊಂದು ತಾಳೆ ಆಗಲ್ಲ. ಯಾವುದು ಅಸಲಿ?

ಇದು ಅಸಲಿ, ಇದು ಅಲ್ಲ ಎಂದು ಬಿಬಿಸಿ ಯಾವತ್ತೂ ಪಟ್ಟಿ ಕೊಟ್ಟಿಲ್ಲ. ಟಿವಿ ಕಂತು, ಕಾದಂಬರಿ, ಆಡಿಯೊ ನಾಟಕ ಎಲ್ಲವೂ ಅಕ್ಕಪಕ್ಕ ಬದುಕುತ್ತಿವೆ.

ಮಂಡ್ಯ ಕಡೆಯವರಿಗೆ ಇದು ಹೊಸದೇನಲ್ಲ. ಮಳವಳ್ಳಿ ತಾಲ್ಲೂಕಿನ ಬೊಪ್ಪೇಗೌಡನಪುರದ ಮಂಟೇಸ್ವಾಮಿ ಕಾವ್ಯವನ್ನು ನೀಲಗಾರರು ಹಾಡುವುದು ಕೇಳಿದ್ದೀರಲ್ಲ? ಸ್ವಾಮಿ ಕಲ್ಯಾಣಕ್ಕೆ ಹೋಗಿ ಶರಣರನ್ನು ಪರೀಕ್ಷೆ ಮಾಡಿ, ಅಲ್ಲಿಂದ ಈ ಸೀಮೆಗೆ ನಡೆದು ಬರುತ್ತಾರೆ. ಒಬ್ಬ ಹಾಡುಗಾರರ ಪಾಠ ಇನ್ನೊಬ್ಬರದರ ಹಾಗೆ ಇರುವುದಿಲ್ಲ. ಒಬ್ಬರು ಬೆಳೆಸಿದ ಭಾಗವನ್ನು ಇನ್ನೊಬ್ಬರು ಎರಡೇ ಮಾತಿನಲ್ಲಿ ದಾಟಿಸುತ್ತಾರೆ. ಕೂತು ಕೇಳುವವರು ಇದು ತಪ್ಪು, ಅದು ಸರಿ ಎಂದು ಎದ್ದು ಹೋಗುವುದಿಲ್ಲ. ಅದು ಭಕ್ತಿಯ ಕಾವ್ಯ, ಇದು ಟಿವಿ ಸೀರೀಸ್, ಎರಡನ್ನೂ ಒಂದೇ ಮಟ್ಟದಲ್ಲಿ ಇಡುತ್ತಿಲ್ಲ. ಹಲವರ ಬಾಯಲ್ಲಿ ಬೆಳೆದ ಕಥೆಯನ್ನು ಕೇಳುವ ರೀತಿ ನಮ್ಮ ಜನಕ್ಕೆ ಮೊದಲಿನಿಂದ ಗೊತ್ತು ಎಂದಷ್ಟೇ ಹೇಳುತ್ತಿದ್ದೇನೆ.

ಸರಿ, ಆದರೆ ಅವನು ಮನೆ ಬಿಟ್ಟು ಓಡಿ ಬಂದದ್ದು ಯಾಕೆ?

ಎಲ್ಲಕ್ಕಿಂತ ಒಳ್ಳೆಯ ಪ್ರಶ್ನೆ. ‘ಯಾರ ಮಗ’ ಎಂದು ಕೇಳುವವರು ನೂರು ಜನ, ಇದನ್ನು ಕೇಳುವವರು ಕಡಿಮೆ. ನಿಜವಾದ ಊಹೆ ಶುರುವಾಗಬೇಕಾದದ್ದು ಇಲ್ಲಿಂದ.

ತೆರೆಯ ಮೇಲೆ ಉತ್ತರಗಳು ಒಂದಲ್ಲ, ಹಲವು ಇವೆ. 1969ರ ‘ದಿ ವಾರ್ ಗೇಮ್ಸ್’ನಲ್ಲಿ ಬೇಜಾರಾಗಿತ್ತು, ಅದಕ್ಕೇ ಬಂದೆ ಅನ್ನುತ್ತಾನೆ. ಎಲ್ಲ ಶಕ್ತಿ ಇದ್ದೂ ಸುಮ್ಮನೆ ನೋಡುತ್ತಾ ಕೂರುವ ತನ್ನ ಜನರ ಮೇಲೆ ವಿಚಾರಣೆಯಲ್ಲಿ ಸಿಟ್ಟಾಗುತ್ತಾನೆ. 2011ರ ‘ದಿ ಡಾಕ್ಟರ್ಸ್ ವೈಫ್’ನಲ್ಲಿ ಟಾರ್ಡಿಸ್ ಬಾಯಿ ಬಿಟ್ಟು, ಕದ್ದದ್ದು ನೀನಲ್ಲ, ನಿನ್ನನ್ನು ಕದ್ದವಳು ನಾನು ಎನ್ನುತ್ತದೆ. 2015ರ ‘ಹೆವೆನ್ ಸೆಂಟ್’ನಲ್ಲಿ ಪೀಟರ್ ಕಪಾಲ್ಡಿಯ ಡಾಕ್ಟರ್ ಸಾವಿನ ಎದುರು ನಿಂತು ಒಪ್ಪಿಕೊಳ್ಳುತ್ತಾನೆ. ಬೇಜಾರು ಅಂದದ್ದು ಸುಳ್ಳು, ಹೆದರಿ ಓಡಿದ್ದು. 2017ರ ಕ್ರಿಸ್‌ಮಸ್ ಕಂತಿನಲ್ಲಿ ಮೊದಲ ಡಾಕ್ಟರ್, ಕಪಾಲ್ಡಿ ಡಾಕ್ಟರ್‌ನ ಜೊತೆಗಾತಿ ಬಿಲ್‌ಗೆ ಇನ್ನೊಂದು ಕಾರಣ ಹೇಳುತ್ತಾನೆ. ಕೆಟ್ಟದ್ದಕ್ಕೆ ಎಲ್ಲ ಅನುಕೂಲ ಇದ್ದರೂ ಒಳ್ಳೆಯದು ಹೇಗೆ ಗೆಲ್ಲುತ್ತದೆ? ಅದನ್ನು ಹುಡುಕಿಕೊಂಡು ಬಂದೆ ಎನ್ನುತ್ತಾನೆ.

ಇವು ಒಂದನ್ನೊಂದು ಅಳಿಸುತ್ತವೆ ಎಂದು ನನಗೆ ಅನ್ನಿಸುವುದಿಲ್ಲ. ಮನೆ ಬಿಟ್ಟು ಹೋದವರನ್ನು ಕೇಳಿ ನೋಡಿ. ಇಪ್ಪತ್ತರಲ್ಲಿ ಒಂದು ಕಾರಣ ಹೇಳುತ್ತಾರೆ, ಐವತ್ತರಲ್ಲಿ ಇನ್ನೊಂದು, ಎರಡೂ ನಿಜ. ಗೆಳೆಯರ ಮುಂದೆ ಬೇಜಾರು ಅಂದವನು ಒಂಟಿಯಾಗಿದ್ದಾಗ ಹೆದರಿಕೆ ಅಂದ. ಅಪರಿಚಿತ ಹುಡುಗಿಯ ಮುಂದೆ ತನ್ನ ಕುತೂಹಲವನ್ನು ಬಿಚ್ಚಿಟ್ಟ. ಮೂವರು ನಟರು, ಬೇರೆ ಬೇರೆ ಬರಹಗಾರರು, ಆದರೂ ಒಂದೇ ಜೀವದ ಮಾತು ಅನ್ನಿಸುತ್ತದೆ.

ನನ್ನ ಸ್ವಂತ ಊಹೆ ಹೇಳಲಾ? ಸೂಸನ್‌ಗಾಗಿ ಬಂದ. ಒಬ್ಬನೇ ಓಡಿ ಬಂದವನಲ್ಲ ಅವನು, ಜೊತೆಗೆ ಒಂದು ಮಗುವಿತ್ತು. ಹೆದರಿಕೆ ಇದ್ದದ್ದು ತನಗಾಗಿ ಅಲ್ಲದಿರಬಹುದು. ಇದಕ್ಕೆ ತೆರೆಯ ಮೇಲೆ ನೇರ ಆಧಾರ ಇಲ್ಲ, ಆದರೆ ಇದು ಯಾವುದನ್ನೂ ಮುರಿಯುವುದೂ ಇಲ್ಲ.

ಸೂಸನ್ ಏನಾದಳು?

1964ರ ಕೊನೆಗೆ, ‘ದಿ ಡಾಲೆಕ್ ಇನ್ವೇಷನ್ ಆಫ್ ಅರ್ತ್’ ಕಥೆಯಲ್ಲಿ ಡಾಕ್ಟರ್ ಅವಳನ್ನು ಭೂಮಿಯಲ್ಲೇ ಬಿಟ್ಟು ಬಾಗಿಲು ಹಾಕಿಕೊಂಡು ಹೊರಡುತ್ತಾನೆ. ಮತ್ತೆ ಬರುತ್ತೇನೆ ಎಂದು ಮಾತು ಕೊಟ್ಟಿದ್ದ. 2024ರಲ್ಲಿ ಪ್ರತಿ ಕಂತಿನಲ್ಲೂ ಬೇರೆ ಬೇರೆ ಪಾತ್ರದಲ್ಲಿ ಒಬ್ಬರೇ ನಟಿ ಕಾಣಿಸಿಕೊಂಡರು. ಅವರ ನಿಜ ಹೆಸರು ಸೂಸನ್ ಟ್ವಿಸ್ಟ್! ಎಲ್ಲರೂ ಮೊಮ್ಮಗಳೇ ಬಂದಳು ಎಂದರು, ಕಥೆಯೊಳಗೆ ಡಾಕ್ಟರ್ ಕೂಡ ಹಾಗೇ ಆಸೆ ಪಟ್ಟ. ಅದು ಸುಟೆಕ್ ಎಂಬ ಹಳೆಯ ವೈರಿ ಒಡ್ಡಿದ ಬಲೆಯಾಗಿತ್ತು. ಮರುವರ್ಷ ಮೇ ತಿಂಗಳಲ್ಲಿ ‘ದಿ ಇಂಟರ್‌ಸ್ಟೆಲ್ಲರ್ ಸಾಂಗ್ ಕಾಂಟೆಸ್ಟ್’ನಲ್ಲಿ ಕ್ಯಾರೊಲ್ ಆ್ಯನ್ ಫೋರ್ಡ್, ಅಂದರೆ 1963ರ ಅದೇ ಸೂಸನ್, ಕೆಲವು ಕ್ಷಣ ಡಾಕ್ಟರ್‌ನ ಮನಸ್ಸಿನೊಳಗೆ ಕಾಣಿಸಿಕೊಂಡರು. ಆ ರಾತ್ರಿ ನಮ್ಮಲ್ಲಿ ಅತ್ತವರಿದ್ದಾರೆ. 1983ರ ‘ದಿ ಫೈವ್ ಡಾಕ್ಟರ್ಸ್’ನಲ್ಲಿ ಇಬ್ಬರೂ ಒಮ್ಮೆ ಸೇರಿದ್ದರು, ಆದರೆ ಡಾಕ್ಟರ್ ತಾನಾಗಿ ಅವಳ ಬಳಿ ಮರಳಿ ಹೋಗುವುದು ಇನ್ನೂ ಬಾಕಿ ಇದೆ. ಕೊಟ್ಟ ಮಾತು ಇದೆಯಲ್ಲ, ಅದನ್ನು ಸೀರೀಸ್ ತೀರಿಸಲೇಬೇಕು.

ಕೊನೆಗೆ ಬಿಲ್ಲಿ ಪೈಪರ್ ಮುಖ ಬಂತಲ್ಲ, ಅದು ರೋಸಾ?

2025ರ ಮೇ 31ರ ‘ದಿ ರಿಯಾಲಿಟಿ ವಾರ್’ ಕೊನೆಯಲ್ಲಿ ಗಾಟ್ವಾ ಮೈ ಬದಲಿಸಿದಾಗ ಕಂಡದ್ದು ಅವರೇ. ಆದರೆ ಹೆಸರುಗಳ ಪಟ್ಟಿಯಲ್ಲಿ ‘ಡಾಕ್ಟರ್ ಆಗಿ’ ಎಂದು ಹಾಕಲಿಲ್ಲ, ನಟಿಯ ಹೆಸರು ಮಾತ್ರ ಇತ್ತು. ಅವರು ಮೊದಲು ಡಾಕ್ಟರ್‌ನ ಜೊತೆಗಾತಿ ರೋಸ್ ಆಗಿದ್ದರು, 2013ರಲ್ಲಿ ‘ದಿ ಮೊಮೆಂಟ್’ ಎಂಬ ಆಯುಧದ ರೂಪವೂ ಆಗಿದ್ದರು. ಸದ್ಯಕ್ಕೆ ಮೂರೂ ಊಹೆ ಜೀವಂತ. ನನಗೆ ‘ದಿ ಮೊಮೆಂಟ್’ ಕಡೆ ಒಲವು ಜಾಸ್ತಿ, ಅದಕ್ಕೆ ಯಾವ ಮುಖ ಬೇಕಾದರೂ ಹೊತ್ತು ಬರುವ ಶಕ್ತಿ ಇದೆ ಎಂದು ಸೀರೀಸೇ ತೋರಿಸಿದೆ.

ಪೂರ್ವಕಥೆಗಾಗಿ ಮಾತ್ರ ನೋಡುವುದಾದರೆ ಎಲ್ಲಿಂದ ಶುರು ಮಾಡಲಿ?

1963ರ ಮೊದಲ ಕಂತು, ‘ದಿ ವಾರ್ ಗೇಮ್ಸ್’, ‘ದಿ ಡೆಡ್ಲಿ ಅಸಾಸಿನ್’, ‘ದಿ ಡೇ ಆಫ್ ದಿ ಡಾಕ್ಟರ್’, ‘ಹೆವೆನ್ ಸೆಂಟ್’, ಆಮೇಲೆ ‘ದಿ ಟೈಮ್‌ಲೆಸ್ ಚಿಲ್ಡ್ರನ್’. ‘ದಿ ವಾರ್ ಗೇಮ್ಸ್’ ಹತ್ತು ಕಂತಿನ ಉದ್ದದ ಕಥೆ, ಒಂದೇ ರಾತ್ರಿಗೆ ಕೂರಬೇಡಿ.

ನನ್ನದೂ ಒಂದು ಊಹೆ ಇದೆ. ಬಂದು ಹೇಳಬಹುದಾ?

ಖಂಡಿತ ಬನ್ನಿ. ಯಾವ ಕಂತಿನ ಯಾವ ದೃಶ್ಯದಿಂದ ಆ ಯೋಚನೆ ಬಂತು ಎಂದು ಗುರುತು ಹಾಕಿಕೊಂಡು ಬನ್ನಿ, ಶನಿವಾರ ಮೊದಲು ಆ ಕಂತನ್ನೇ ಹಾಕುತ್ತೇವೆ. ಮಂಡ್ಯದಿಂದ ಬರುವವರು ಬೆಳಗಿನ ರೈಲು ಹಿಡಿದು ನೇರ ಕೆರೆ ಹತ್ತಿರ ಬಂದರೂ ಆಗುತ್ತದೆ.